ಜೊತೆಗೆ ಬಂದ ಪೆಟ್ಟಿಗೆಗಳು

"ಗುರುಗಳೇ, ನಮ್ಮಕ್ಕನ ದುಃಖ ಹಂಚ್ಕಳಾಕೆ ಅಂತ ನಾವು ನಾಲ್ಕು ಜನ ಅವಳ ಮನೇಲಿ ಬಂದು ಉಳಕಂಡೀವಿ. ಆದ್ರೂ ಅವಳು ದಿನಾ ದಿನಾ ಸೊರಗ್ತಾಳೆ. ಯಾಕೆ?"

ಕೇಳಿದವನು ಕರಿಬಸು. ಡಿಪ್ಲೊಮಾ ಓದಿ, ಎರಡು ಕಡೆ ಕೆಲಸ ಮಾಡಿ, ಎರಡನ್ನೂ ಬಿಟ್ಟು, ಈಗ ಹಾಲಪ್ಪ ಮಾಸ್ತರರ ಬಳಿ ಆಂಪ್ಲಿಫೈಯರ್ ರಿಪೇರಿ ಕಲಿಯುತ್ತಿದ್ದ. ಮಾಸ್ತರರಿಗೆ ಎಪ್ಪತ್ತು ದಾಟಿತ್ತು. ಕಲಿಯಲು ಬಂದವರಿಗೆ ಅವರು ಬೈಯುತ್ತಿದ್ದರು. ಬೈಸಿಕೊಂಡೂ ಉಳಿದವರಿಗೆ ಕಲಿಸುತ್ತಿದ್ದರು.

ಅಕ್ಕನ ಗಂಡ ತೀರಿಕೊಂಡು ಅಂದಿಗೆ ಇಪ್ಪತ್ತು ದಿನ. ಬೆಳಿಗ್ಗೆ ಅಂಗಡಿಗೆ ಹೊರಟವನು ಹೊಸ್ತಿಲಲ್ಲಿ ಕುಸಿದು ಮತ್ತೆ ಏಳಲಿಲ್ಲ. ಹನ್ನೊಂದನೆಯ ದಿನದ ಶಿವಗಣಾರಾಧನೆ ಮುಗಿದ ಮೇಲೆ ನೆಂಟರು ಹೊರಟರು. ಅಕ್ಕನೊಬ್ಬಳನ್ನೇ ಬಿಡಬಾರದೆಂದು ಅಣ್ಣ, ಅತ್ತಿಗೆ, ತಂಗಿ ಮತ್ತು ಕರಿಬಸು ಉಳಿದುಕೊಂಡರು.

"ಡಾಕ್ಟರು ಏನಂದ್ರು?" ಎಂದು ಮಾಸ್ತರರು ಕೇಳಿದರು.

"ರೋಗ ಏನಿಲ್ಲ ಅಂದ್ರು. ನಿನ್ನೆ ಬಚ್ಚಲಮನೇಲಿ ತಲೆ ತಿರುಗಿ ಬಿದ್ಲು. ಹಿಂಗೇ ಆದ್ರೆ ಅವಳೂ ನಮಗೆ ಉಳಿಯಲ್ಲ ಅಂತ ಹೆದರಿಕೆ ಆಗ್ತೈತೆ, ಗುರುಗಳೇ."

"ನೀವು ನಾಲ್ಕೂ ಜನ ಏನ್ ಮಾಡ್ತೀರಿ?"

"ಅವಳ ಜೊತೇಲೇ ಇರ್ತೀವಿ. ಒಬ್ಬಳೇ ಕೂರಾಕೆ ಬಿಡಲ್ಲ. ಭಾವನ ಮಾತು ಆಡ್ತೀವಿ. ಅಳ್ತೀವಿ."

ಮಾಸ್ತರರು ಕೈಯಲ್ಲಿದ್ದ ಸಾಲ್ಡರಿಂಗ್ ಕಡ್ಡಿಯನ್ನು ಅದರ ಸ್ಟ್ಯಾಂಡಿನ ಮೇಲಿಟ್ಟು ಸ್ವಿಚ್ಚು ಆರಿಸಿದರು. ಕುಳಿತುಕೋ ಎಂದು ಸ್ಟೂಲು ತೋರಿಸಿದರು. ನಡುವೆ ಬಾಯಿ ಹಾಕಬೇಡ ಎಂದು ಮೊದಲೇ ಎಚ್ಚರಿಸಿ, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಆಂಪ್ಲಿಫೈಯರ್ ಕಟ್ಟುವುದು ಅವನ ಕಸುಬು. ಕಂಪನಿಯ ಮಾಲನ್ನು ಅವನು ಮುಟ್ಟುತ್ತಿರಲಿಲ್ಲ. ತಗಡು ತಾನೇ ಬಗ್ಗಿಸುತ್ತಿದ್ದ, ವೈರು ತಾನೇ ಎಳೆಯುತ್ತಿದ್ದ. ಒಳಗಿನ ಟ್ರಾನ್ಸ್‌ಫಾರ್ಮರಿಗೆ ತಾಮ್ರದ ತಂತಿ ಸುತ್ತುವ ಕೆಲಸ ಮಾತ್ರ ಅವನ ಹೆಂಡತಿಯದು. ಅವಳು ಸುತ್ತು ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಅಷ್ಟನ್ನೂ ಬಿಚ್ಚಿ ಮೊದಲಿನಿಂದ ಸುತ್ತುತ್ತಿದ್ದಳು. ಆದ್ದರಿಂದ ಅವಳು ಸುತ್ತಲು ಕುಳಿತಾಗ ಗಂಡನೂ ಆ ಕೋಣೆಗೆ ಹೋಗುತ್ತಿರಲಿಲ್ಲ.

ಅವನ ಬಳಿಗೆ ಒಬ್ಬ ಗಿಟಾರ್ ವಾದಕ ಬಂದ. ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ತಂತಿಯ ಮೇಲೆ ಉಕ್ಕಿನ ಸರಳು ಜಾರಿಸಿ ನುಡಿಸುವ ಗಿಟಾರು ಅವನದು. ಅವನಿಗೆ ಮಾತು ತೊದಲು. ಹೋಟೆಲಿನಲ್ಲಿ ಒಂದು ಚಹಾ ಕೇಳಿ ಮುಗಿಸುವಷ್ಟರಲ್ಲಿ ಮಾಣಿ ಬೇರೆ ಗಿರಾಕಿಯ ಕಡೆಗೆ ತಿರುಗಿರುತ್ತಿದ್ದ. ಎರಡು ಸಲ ಹೆಣ್ಣು ನೋಡಲು ಹೋಗಿದ್ದ. ಎರಡು ಸಲವೂ ತನ್ನ ಹೆಸರು ಹೇಳುವಲ್ಲಿಯೇ ಸಿಕ್ಕಿಕೊಂಡು ಎದ್ದು ಬಂದಿದ್ದ. ಆದರೆ ಗಿಟಾರು ತೊಡೆಗೆ ಬಂದರೆ ಅವನಷ್ಟು ಸ್ಪಷ್ಟವಾಗಿ ಆ ಊರಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಸಿನಿಮಾ ಹಾಡು ನುಡಿಸಿದರೆ ಅದರ ಸಾಹಿತ್ಯವೇ ಕೇಳಿಸುತ್ತಿತ್ತು. ಕುಳಿತ ಹೆಂಗಸರು ಪಲ್ಲವಿ ಗುನುಗುತ್ತಿದ್ದರು.

ಅವನಿಗೆ ಬೇಕಾಗಿದ್ದುದು ಒಂದು ಆಂಪ್ಲಿಫೈಯರ್. ಮೆಕ್ಯಾನಿಕ್ ಆರು ತಿಂಗಳು ತೆಗೆದುಕೊಂಡ. ಹಳೆಯ ರೇಡಿಯೊಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವ್ ಹಾಕಿ ಕಟ್ಟಿದ. ಅದಕ್ಕೊಂದು ಸ್ಪೀಕರ್ ಪೆಟ್ಟಿಗೆಯನ್ನೂ ಮಾಡಿದ. ಒಂದು ಇಡೀ ದಿನ ಎರಡನ್ನೂ ಜೋಡಿಸಿ ನುಡಿಸಿ ನೋಡಿ, ಸಂಜೆ ಎರಡರ ಬೆನ್ನಿನ ಮೇಲೂ ಬಿಳಿ ಪೇಂಟಿನಲ್ಲಿ ಎಂಟು ಎಂದು ಬರೆದ.

"ಇದು ಎಂಟು ಓಮ್ಸು, ಅದೂ ಎಂಟು ಓಮ್ಸು," ಎಂದ. "ಇದಕ್ಕೆ ಅದೇ ಜೋಡಿ. ಪೆಟ್ಟಿಗೆ ಕಟ್ಟದೆ ಇದನ್ನ ಹಚ್ಚಬ್ಯಾಡ. ಬೇರೆ ಪೆಟ್ಟಿಗೆ ತಂದು ಇದಕ್ಕೆ ಕಟ್ಟಬ್ಯಾಡ."

ಓಮ್ಸ್ ಎಂದರೆ ತಡೆಯ ಅಳತೆ. ಪೆಟ್ಟಿಗೆ ಆಂಪ್ಲಿಫೈಯರಿಗೆ ಎಷ್ಟು ತಡೆ ಒಡ್ಡುತ್ತದೆ ಎಂಬುದನ್ನು ಅದು ಹೇಳುತ್ತದೆ. ತಡೆ ಎಂದ ಕೂಡಲೇ ಜನ ಅದನ್ನು ಕೆಟ್ಟದ್ದು ಎಂದುಕೊಳ್ಳುತ್ತಾರೆ. ಆಂಪ್ಲಿಫೈಯರಿಗೆ ಅದು ಕೆಟ್ಟದ್ದಲ್ಲ. ಪೆಟ್ಟಿಗೆ ತಕ್ಕಷ್ಟು ತಡೆದು ಹಿಡಿದರೆ ಯಂತ್ರ ತನ್ನಲ್ಲಿ ಇರುವಷ್ಟನ್ನು ಮಾತ್ರ ಕೊಡುತ್ತದೆ. ತಡೆ ಕಡಿಮೆಯಾದರೆ ಇಲ್ಲದ್ದನ್ನೂ ಕೊಡಲು ಹೋಗುತ್ತದೆ. ಬೇಡ ಎನ್ನುವುದು ಯಂತ್ರಕ್ಕೆ ಗೊತ್ತಿಲ್ಲ. ಡಿಪ್ಲೊಮಾ ಓದಿದ ನಿನಗೆ ಇದನ್ನೆಲ್ಲ ಹೇಳಬೇಕಾಗಿರಲಿಲ್ಲ. ಆದರೂ ಹೇಳಿದೆ, ಯಾಕೆಂದರೆ ಓದಿದ್ದು ಪುಸ್ತಕದಲ್ಲೇ ಉಳಿದಿರುತ್ತದೆ.

ಗಿಟಾರ್ ವಾದಕ ಆ ಜೋಡಿಯನ್ನು ಇಪ್ಪತ್ತೆರಡು ವರ್ಷ ನುಡಿಸಿದ. ಒಂದು ಆರ್ಕೆಸ್ಟ್ರಾ ಸೇರಿದ. ಅಲ್ಲಿ ಅವನಿಗೆ ಮೂವರು ಗೆಳೆಯರಾದರು. ಒಬ್ಬ ಗಾಯಕ, ಒಬ್ಬ ತಬಲಾದವನು, ಒಬ್ಬ ಕೀಬೋರ್ಡಿನವನು. ಮೂವರೂ ಒಳ್ಳೆಯವರು. ಇದನ್ನು ನೀನು ಕತೆ ಮುಗಿಯುವವರೆಗೂ ಮರೆಯಬಾರದು. ಅವನಿಗೆ ಜ್ವರ ಬಂದರೆ ಗಂಜಿ ತರುತ್ತಿದ್ದರು. ಅವನು ಹೇಳಬೇಕೆಂದು ಹೊರಟ ಮಾತನ್ನು ತಾವೇ ಮುಗಿಸಿಕೊಡುತ್ತಿದ್ದರು. ಅದೂ ಪ್ರೀತಿಯಿಂದಲೇ.

ಈ ನಡುವೆ ಮೆಕ್ಯಾನಿಕ್ ತೀರಿಕೊಂಡ. ಅವನ ಹೆಂಡತಿ ಅಂಗಡಿ ಮುಚ್ಚಿದಳು. ಅವಳ ಕಣ್ಣಿಗೆ ಪೊರೆ ಬಂತು. ಆಪರೇಶನ್ ಆದರೂ ಕೂದಲೆಳೆಯಂಥ ತಂತಿ ಕಾಣುವಷ್ಟು ದೃಷ್ಟಿ ಬರಲಿಲ್ಲ. ಆ ಟ್ರಾನ್ಸ್‌ಫಾರ್ಮರಿಗೆ ಹಾಕಿದ್ದ ತಗಡೂ ಪೇಟೆಯಿಂದ ಮಾಯವಾಯಿತು. ಹೀಗಾಗಿ ಆ ಆಂಪ್ಲಿಫೈಯರ್ ಕೆಟ್ಟರೆ ಸರಿಮಾಡುವವರು ಯಾರೂ ಉಳಿದಿರಲಿಲ್ಲ. ಗಿಟಾರ್ ವಾದಕನಿಗೆ ಇದು ಗೊತ್ತಿತ್ತು. ಅವನು ಅದನ್ನು ಹಸುಗೂಸಿನಂತೆ ಹಳೆಯ ಕಂಬಳಿಯಲ್ಲಿ ಸುತ್ತಿ ಒಯ್ಯುತ್ತಿದ್ದ. ಪ್ರತಿ ಕಾರ್ಯಕ್ರಮಕ್ಕೂ ಮೊದಲು ಅದರ ನೆತ್ತಿಯ ಮೇಲೆ ಒಂದು ಮೊಳ ಮಲ್ಲಿಗೆ ಇಡುತ್ತಿದ್ದ. ಕಾರ್ಯಕ್ರಮ ಮುಗಿದಾಗಲೂ ಹೂವು ಬಾಡದೆ ಹಾಗೇ ಇರುತ್ತಿತ್ತು. ಹಾಡು ಕೇಳಲು ಬಂದ ಯಾರಾದರೂ ಅಜ್ಜಿಗೆ ಅದನ್ನು ಕೊಟ್ಟು ಮನೆಗೆ ಹೋಗುತ್ತಿದ್ದ.

ಒಂದು ವರ್ಷ ಅದರ ದನಿ ಸ್ವಲ್ಪ ಕುಗ್ಗಿತು. ಒಂದು ವಾಲ್ವ್ ಹಳೆಯದಾಗಿತ್ತು, ಅಷ್ಟೆ. ಅದೊಂದನ್ನು ಬದಲಿಸಿದ್ದರೆ ಮುಗಿಯುತ್ತಿತ್ತು. ಆದರೆ ಗೆಳೆಯರಿಗೆ ಹಾಗೆ ಕಾಣಲಿಲ್ಲ.

"ಪಾಪ, ವಯಸ್ಸಾತು ಅದಕ್ಕೆ," ಎಂದ ಗಾಯಕ. "ಒಂದೇ ಪೆಟ್ಟಿಗೆ ಕಟ್ಗಂಡು ಒಂದೇ ಒದ್ದಾಡ್ತೈತೆ. ಜೊತಿಗೆ ಇನ್ನೊಂದು ಇದ್ರೆ ಭಾರ ಹಂಚ್ಕಂತಾವೆ."

ಮರುದಿನ ಅವನು ತನ್ನ ಮನೆಯಲ್ಲಿದ್ದ ಪೆಟ್ಟಿಗೆಯನ್ನು ಆಟೋದಲ್ಲಿ ಹಾಕಿಕೊಂಡು ಬಂದ. ಅದೂ ಎಂಟು ಓಮ್ಸಿನದು. ಮೆಕ್ಯಾನಿಕ್ ಬರೆದ ಅಂಕಿಯ ಪಕ್ಕದಲ್ಲಿ ಅದೇ ಅಂಕಿ ಕಂಡು ಎಲ್ಲರಿಗೂ ಸಂತೋಷವಾಯಿತು. ಎರಡೂ ಎಂಟೇ ಅಲ್ಲವೇ, ಒಂದೇ ಮನೆತನ ಎಂದು ತಬಲಾದವನು ನಕ್ಕ. ಮೊದಲ ಪೆಟ್ಟಿಗೆಯ ತಂತಿ ಎಲ್ಲಿ ಸಿಕ್ಕಿಸಿತ್ತೋ ಅಲ್ಲಿಯೇ ಎರಡನೆಯದನ್ನೂ ಪಕ್ಕಕ್ಕೆ ಸಿಕ್ಕಿಸಿದರು.

ಮೆಕ್ಯಾನಿಕ್ ಹೇಳಿದ ಮಾತು ಗಿಟಾರ್ ವಾದಕನಿಗೆ ನೆನಪಿತ್ತು. ಆದರೆ ಗೆಳೆಯ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ. ಆಟೋದಿಂದ ಇಳಿಸುವಾಗ ಅವನ ಬೆರಳು ಜಜ್ಜಿತ್ತು. ಪ್ರೀತಿಯಿಂದ ತಂದದ್ದನ್ನು ಬೇಡ ಎನ್ನುವ ಪದ್ಧತಿ ಆ ಊರಿನಲ್ಲಿ ಇರಲಿಲ್ಲ. ನಮ್ಮ ಊರಿನಲ್ಲೂ ಇಲ್ಲ.

ಮೊದಲ ದಿನ ದನಿ ಅಗಲವಾಗಿ ಕೇಳಿಸಿತು. ಜನ ಚಪ್ಪಾಳೆ ತಟ್ಟಿದರು. ಇದನ್ನು ನೋಡಿ ತಬಲಾದವನಿಗೆ ತಾನು ಏನೂ ಮಾಡಲಿಲ್ಲವಲ್ಲ ಎನ್ನಿಸಿತು. ಅವನೂ ಒಂದು ಪೆಟ್ಟಿಗೆ ತಂದ. ಇಬ್ಬರೂ ತಂದ ಮೇಲೆ ಕೀಬೋರ್ಡಿನವನು ಸುಮ್ಮನಿರಲು ಆಗುತ್ತದೆಯೇ? ಅವನು ತಮ್ಮನ ಕಡೆಯಿಂದ ಕೇಳಿ ತಂದ. ಹೀಗೆ ಒಂದು ಯಂತ್ರದ ಮುಂದೆ ನಾಲ್ಕು ಪೆಟ್ಟಿಗೆ ಸಾಲಾಗಿ ನಿಂತವು. ನಾಲ್ಕೂ ನೇರವಾಗಿ ಯಂತ್ರಕ್ಕೇ ಕಟ್ಟಿಕೊಂಡಿದ್ದವು. ಹೀಗೆ ಪಕ್ಕ ಪಕ್ಕ ಕಟ್ಟಿದರೆ ತಡೆ ಕೂಡುವುದಿಲ್ಲ, ಇಳಿಯುತ್ತದೆ. ಎರಡನೆಯದು ಬಂದ ದಿನ ಎಂಟು ಓಮ್ಸು ನಾಲ್ಕಾಗಿತ್ತು. ಮೂರನೆಯದಕ್ಕೆ ಮೂರಕ್ಕಿಂತ ಕೆಳಗೆ ಇಳಿದಿತ್ತು. ನಾಲ್ಕನೆಯದಕ್ಕೆ ಎರಡಕ್ಕೆ ಬಂದು ನಿಂತಿತ್ತು. ಬೆನ್ನಿನ ಮೇಲೆ ಮಾತ್ರ ಎಲ್ಲದಕ್ಕೂ ಎಂಟು ಎಂದೇ ಬರೆದಿತ್ತು.

ಮಲ್ಲಿಗೆ ಮೂರನೆಯ ಹಾಡಿಗೇ ಬಾಡತೊಡಗಿತು. ಹೂವಿನವಳು ಹಳೆಯ ಹೂವು ಕೊಟ್ಟಳು ಎಂದು ಗಾಯಕ ಬೈದ. ಒಳಗೆ ವಾಲ್ವುಗಳ ಗಾಜಿನೊಳಗಿನ ತಗಡು ಕೆಂಪಗಾಗುತ್ತಿತ್ತು. ಅದು ಕೆಂಪಗಾಗಬಾರದು. ಆದರೆ ಹಿಂದಿನ ಜಾಲರಿಯಿಂದ ಅದನ್ನು ನೋಡಿದ ತಬಲಾದವನು, ಮುದುಕನಿಗೆ ಮುಖದಲ್ಲಿ ಕಳೆ ಬಂತು ನೋಡಿ ಎಂದು ಎಲ್ಲರನ್ನೂ ಕರೆದು ತೋರಿಸಿದ. ಒಬ್ಬೊಬ್ಬರಾಗಿ ಬಗ್ಗಿ ನೋಡಿ ಕೈ ಮುಗಿದರು. ಇಂಥ ತಪ್ಪನ್ನು ಪ್ರೀತಿ ಇರುವವರು ಮಾತ್ರ ಮಾಡಲು ಸಾಧ್ಯ.

ಆಗ ಆ ಊರಿನ ಒಂದು ಓಣಿಯಲ್ಲಿ ತೊಟ್ಟಿಲ ಕಾರ್ಯವಿತ್ತು. ಆರ್ಕೆಸ್ಟ್ರಾದವರು ನುಡಿಸಲು ಬಂದರು. ಮೆಕ್ಯಾನಿಕ್ಕನ ಹೆಂಡತಿಯ ಮನೆ ಅದೇ ಓಣಿಯಲ್ಲಿತ್ತು. ಅವಳು ಕುರ್ಚಿ ಹಾಕಿಸಿಕೊಂಡು ಕುಳಿತು ಕೇಳಿದಳು. ಎರಡು ಹಾಡು ಕೇಳಿ, ಮೂರನೆಯದಕ್ಕೆ ಎದ್ದು ಗೋಡೆ ಹಿಡಿದುಕೊಂಡು ವೇದಿಕೆಯ ಹತ್ತಿರ ಬಂದಳು. ಅವಳಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಆದರೆ ಮೂಗಿಗೆ ವಾಸನೆ ಗೊತ್ತಾಗುತ್ತಿತ್ತು. ತಂತಿಗೆ ಬಳಿದ ವಾರ್ನಿಷು ಬಿಸಿಯಾದ ವಾಸನೆ ಅದು. ಮೂವತ್ತು ವರ್ಷ ಆ ವಾರ್ನಿಷಿನ ಡಬ್ಬಿಯ ಪಕ್ಕದಲ್ಲಿ ಕುಳಿತವಳು ಅವಳು.

ಹಾಡು ಮುಗಿದ ಮೇಲೆ, "ತಮ್ಮಾ, ಎಷ್ಟು ಪೆಟ್ಟಿಗೆ ಕಟ್ಟೀಯ ಇದಕ್ಕೆ?" ಎಂದು ಕೇಳಿದಳು.

ಗಿಟಾರ್ ವಾದಕ ಬಾಯಿ ತೆರೆದ. ಗಾಯಕ ಉತ್ತರ ಕೊಟ್ಟ. "ನಾಲ್ಕು, ಅಮ್ಮಾ. ಒಂದೇ ಕಷ್ಟ ಪಡ್ತಿತ್ತು. ಈಗ ನಾಲ್ಕೂ ಸೇರಿ ಭಾರ ಹೊರ್ತಾವೆ."

"ಯಾರು ಹೇಳಿದ್ರು ನಿಮಗೆ?" ಎಂದಳು ಅವಳು. "ಮನೆ ಮೇಲಿನ ತೊಟ್ಟಿಗೆ ನಾಲ್ಕು ನಲ್ಲಿ ಹಾಕಿ, ನಾಲ್ಕೂ ತಿರುವಿ ಬಿಟ್ಟು, ತೊಟ್ಟಿಗೆ ಸಹಾಯ ಮಾಡಿದೀವಿ ಅಂತೀರಾ? ಅವು ಹೊರಾಕೆ ನಿಂತಿಲ್ಲ. ನಾಲ್ಕೂ ಇದರ ಮುಂದೆ ಕೈ ಚಾಚ್ಕಂಡು ನಿಂತಾವೆ. ಒಂದೊಂದಕ್ಕೂ ಇದು ಪೂರ್ತಿ ಪೂರ್ತಿ ಕೊಡ್ಬೇಕು."

"ನಾವು ಒಳ್ಳೇದಾಗ್ಲಿ ಅಂತಲೇ ತಂದ್ವಿ, ಅಮ್ಮಾ," ಎಂದ ಗಾಯಕ. ಅವನ ಕಣ್ಣಲ್ಲಿ ನೀರು ಬಂತು. ಒಳ್ಳೆಯದು ಮಾಡಲು ಹೋದವನಿಗೆ ಹೀಗೆ ಅಂದರೆ ಯಾರಿಗಾದರೂ ನೋವಾಗುತ್ತದೆ.

ಮುದುಕಿಗೆ ಅದು ದನಿಯಲ್ಲೇ ಗೊತ್ತಾಯಿತು. ಅವಳು ಮೆತ್ತಗಾದಳು. "ನಾಲ್ಕೂ ಇರ್ಲಿ, ಯಾವುದನ್ನೂ ಹೊರಗೆ ಹಾಕಬ್ಯಾಡ್ರಿ," ಎಂದಳು. "ಆದ್ರೆ ನಿಲ್ಲೋ ರೀತಿ ಬದಲಿಸ್ರಿ. ಎರಡೆರಡು ಪೆಟ್ಟಿಗೆ ಒಂದರ ಕೈ ಒಂದು ಹಿಡೀಲಿ. ಒಂದರ ಒಳಗೆ ಹಾದು ಬಂದದ್ದೇ ಇನ್ನೊಂದಕ್ಕೆ ಹೋಗ್ಲಿ. ಹಂಗೆ ಎರಡು ಜೋಡಿ ಮಾಡಿ ಕಟ್ರಿ. ಆಗ ಇದಕ್ಕೆ ಮುಂದೆ ಒಂದೇ ಪೆಟ್ಟಿಗೆ ಇದ್ದಂಗೆ ಆಗ್ತೈತೆ. ನಾಲ್ಕು ಐದಾವೆ ಅಂತಲೇ ಗೊತ್ತಾಗಲ್ಲ ಇದಕ್ಕೆ."

ಅವಳು ಹೇಳಿದ್ದು ಸರಿ. ಎಂಟು ಎಂಟು ಒಂದರ ಹಿಂದೊಂದು ನಿಂತರೆ ಹದಿನಾರು. ಅಂಥ ಎರಡು ಜೋಡಿ ಪಕ್ಕ ಪಕ್ಕ ನಿಂತರೆ ಮತ್ತೆ ಎಂಟು. ನಾಲ್ಕು ಜನ ಮನೆಗೆ ಬಂದರೂ ಮನೆಯವಳಿಗೆ ಒಬ್ಬರೂ ಹೆಚ್ಚಾಗದಂತೆ ಇರುವ ರೀತಿ ಒಂದಿದೆ ಎಂದಾಯಿತು. ಆದರೆ ಅದು ಬಂದವರ ಕೈಯಲ್ಲಿದೆ, ಮನೆಯವಳ ಕೈಯಲ್ಲಿಲ್ಲ.

ಮರುದಿನ ಅಭ್ಯಾಸದ ಕೋಣೆಯಲ್ಲಿ ಹಾಗೆಯೇ ಕಟ್ಟಿದರು. ಯಂತ್ರ ತಣ್ಣಗಾಯಿತು. ವಾಲ್ವಿನ ಕೆಂಪು ಹೋಯಿತು. ಮಲ್ಲಿಗೆ ಮಲ್ಲಿಗೆಯಾಗಿಯೇ ಉಳಿಯಿತು. ಗಿಟಾರ್ ವಾದಕ ಅಂದು ಒಂದೂವರೆ ಗಂಟೆ ನಿಲ್ಲಿಸದೆ ನುಡಿಸಿದ. ಅವನ ಮುಖ ಅರಳಿದ್ದನ್ನು ಗೆಳೆಯರು ಬಹಳ ದಿನದ ಮೇಲೆ ನೋಡಿದರು.

ಆದರೆ ನುಡಿಸಿ ಮುಗಿಸಿದ ಮೇಲೆ ಒಂದೊಂದೇ ಮಾತು ಬಂತು. ಗಾಯಕ ತನ್ನ ಪೆಟ್ಟಿಗೆಗೆ ಕಿವಿ ಇಟ್ಟು ನೋಡಿದ್ದ. ಮೊದಲಿನಷ್ಟು ಅದು ನುಡಿಯುತ್ತಿರಲಿಲ್ಲ. ಸಹಜ. ನಿಜವಾಗಿ ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದು ಕಾಲು ಭಾಗ. ಇಷ್ಟು ಕಷ್ಟಪಟ್ಟು ತಂದ ಪೆಟ್ಟಿಗೆ ಮೂಲೆಯಲ್ಲಿ ಗೊಣಗಲೆಂದು ತಂದೆನೇ ಎಂದು ಅವನಿಗೆ ಬೇಸರವಾಯಿತು. ತಬಲಾದವನ ಪೆಟ್ಟಿಗೆ ಕೀಬೋರ್ಡಿನವನ ಪೆಟ್ಟಿಗೆಗೆ ಜೋಡಿಯಾಗಿತ್ತು. ಆ ತಂತಿ ಒಮ್ಮೆ ಸಡಿಲವಾಗಿ ಎರಡೂ ಒಟ್ಟಿಗೆ ನಿಂತುಹೋದವು.

"ಇದೊಳ್ಳೆ ಕತೆ ಆತಲ್ಲ," ಎಂದ ತಬಲಾದವನು. "ಅವನದು ಕೆಟ್ರೆ ನನ್ನದೂ ಬಾಯಿ ಮುಚ್ಕಂಡು ಕೂರ್ಬೇಕಾ? ನಾನು ಬಂದಿದ್ದು ಗಿಟಾರಿಗೆ ಅಂತ. ಇವನ ಬಾಲ ಹಿಡಿಯಾಕಲ್ಲ."

ನೋಡು, ಮೂವರೂ ಯಂತ್ರಕ್ಕಾಗಿ ಬಂದಿದ್ದರು. ಒಬ್ಬರಿಗಾಗಿ ಒಬ್ಬರು ಬಂದಿರಲಿಲ್ಲ. ಅದರ ದನಿ ತನ್ನ ಪೆಟ್ಟಿಗೆಯಲ್ಲಿ ಪೂರ್ತಿ ಕೇಳಿಸಬೇಕು, ತನ್ನ ಕೈಗೆ ನೇರವಾಗಿ ಬರಬೇಕು ಎಂದು ಪ್ರತಿಯೊಬ್ಬನಿಗೂ ಆಸೆ. ಅದನ್ನು ಅವರು ಪ್ರೀತಿ ಎಂದು ಕರೆದರು. ಅದು ಪ್ರೀತಿಯೇ. ನಾನು ಇಲ್ಲ ಎನ್ನುವುದಿಲ್ಲ.

ವಾರದೊಳಗೆ ಪೆಟ್ಟಿಗೆಗಳು ಮತ್ತೆ ಮೊದಲಿನ ಹಾಗೆ ಸಾಲಾಗಿ ನಿಂತವು. ಮುದುಕಿ ಹಳೆಯ ಕಾಲದವಳು, ಏನೋ ಹೇಳಿದಳು ಎಂದು ಗಾಯಕ ಅಂದ. ಉಳಿದವರು ಹೂಂ ಎಂದರು.

ಗಿಟಾರ್ ವಾದಕನಿಗೆ ಎಲ್ಲ ಗೊತ್ತಿತ್ತು. ಅವನು ಎರಡು ದಿನ ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಮಾತು ಕಲಿತ. ನಿಮ್ಮ ಪೆಟ್ಟಿಗೆ ತೆಗೆದುಕೊಂಡು ಹೋಗಿ, ನನ್ನ ಯಂತ್ರ ಸಾಯುತ್ತಿದೆ ಎಂದು ಹೇಳಬೇಕಾಗಿತ್ತು. ಅಷ್ಟೇ. ಮೂರನೆಯ ದಿನ ಗೆಳೆಯರೆಲ್ಲ ಸೇರಿದಾಗ ಎದ್ದು ನಿಂತ. "ನಿ... ನಿಮಗೆ ಒಂ... ಒಂದು..." ಎಂದು ಶುರು ಮಾಡಿದ.

ಗಾಯಕ ಎದ್ದು ಬಂದು ಅವನ ಹೆಗಲ ಮೇಲೆ ಕೈ ಹಾಕಿದ. "ಗೊತ್ತು ಕಣೋ, ಗೊತ್ತು. ಏನೂ ಹೇಳಬ್ಯಾಡ. ನಾವೇನ್ ಹೊರಗಿನೋರಾ, ಥ್ಯಾಂಕ್ಸ್ ಹೇಳಾಕೆ?"

ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ ಅವನು ಆ ಮಾತಿಗೆ ಮತ್ತೆ ಕೈ ಹಾಕಲಿಲ್ಲ. ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಹೊಟ್ಟೆ ಉರಿಯುವುದು ಈ ನಗುವಿಗೆ. ಸುಟ್ಟದ್ದಕ್ಕೆ ಅಲ್ಲ.

ಅದು ಸುಟ್ಟದ್ದು ಗಾಯಕನ ಮಗಳ ಮದುವೆಯಲ್ಲಿ, ಮಧ್ಯಾಹ್ನ ಹನ್ನೆರಡೂವರೆಗೆ. ಅಕ್ಷತೆ ಬಿದ್ದಿತ್ತು. ಒಂದು ಕಡೆ ಪಂಕ್ತಿ ಕುಳಿತಿತ್ತು. ಮದುಮಗಳು ಚಿಕ್ಕಂದಿನಿಂದ ಕೇಳಿದ್ದ ಒಂದು ಹಾಡನ್ನು ನುಡಿಸಲು ಹೇಳಿ ಕಳಿಸಿದಳು. ಗಿಟಾರ್ ವಾದಕ ಪಲ್ಲವಿ ಮುಗಿಸಿ ಚರಣಕ್ಕೆ ಬಂದ. ಚರಣದ ಎರಡನೆಯ ಸಾಲಿನ ನಡುವೆ ದನಿ ನಿಂತಿತು. ದೊಡ್ಡ ಸದ್ದೇನೂ ಆಗಲಿಲ್ಲ. ಹಿಂದಿನ ಜಾಲರಿಯಿಂದ ಸ್ವಲ್ಪ ಹೊಗೆ ಬಂತು. ಅಡುಗೆಯ ಒಗ್ಗರಣೆಯ ವಾಸನೆಯಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ. ಕೀಬೋರ್ಡಿನವನು ಜಾಣ. ಉಳಿದ ಹಾಡನ್ನು ತಾನು ಹಿಡಿದು ಮುಗಿಸಿದ. ಜನ ಚಪ್ಪಾಳೆ ತಟ್ಟಿದರು. ಗಿಟಾರ್ ವಾದಕ ಮಾತ್ರ ಕೊನೆಯವರೆಗೂ ಸರಳು ಜಾರಿಸುತ್ತಲೇ ಇದ್ದ. ಹತ್ತಿರ ಕುಳಿತವರಿಗೆ ಬರೀ ತಂತಿ ಉಜ್ಜುವ ಸದ್ದು ಕೇಳಿಸುತ್ತಿತ್ತು.

ಸಂಜೆ ಅವನು ಯಂತ್ರವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮುದುಕಿಯ ಮನೆಗೆ ಹೋದ. ಅವಳು ಕಂಬಳಿ ಬಿಚ್ಚುವ ಮೊದಲೇ ಸುಟ್ಟ ವಾಸನೆಗೆ ಮುಖ ತಿರುಗಿಸಿದಳು. ಆಮೇಲೆ ಒಳಗೆ ಕೈ ಹಾಕಿ ಟ್ರಾನ್ಸ್‌ಫಾರ್ಮರನ್ನು ಬೆರಳಿನಿಂದ ಸವರಿದಳು. ಕಪ್ಪು ಬೆರಳಿಗೆ ಹತ್ತಿತು. ಎರಡು ತಿಂಗಳು ಕುಳಿತು ಸುತ್ತಿದ್ದು ಇದು, ನಡುವೆ ಮೂರು ಸಲ ಬಿಚ್ಚಿದ್ದೆ ಎಂದಳು. ಮತ್ತೆ ಸುತ್ತಿಕೊಡು ಎಂದು ಅವನು ಕೇಳಲಿಲ್ಲ. ಆಗುವುದಿಲ್ಲ ಎಂದು ಅವಳೂ ಹೇಳಲಿಲ್ಲ. ಇಬ್ಬರೂ ಕತ್ತಲಾಗುವವರೆಗೆ ಕುಳಿತಿದ್ದರು. ಆಮೇಲೆ ಅವನು ಎದ್ದು ಮನೆಗೆ ಬಂದ.

ನಾಲ್ಕು ಪೆಟ್ಟಿಗೆಗಳಿಗೆ ಏನೂ ಆಗಿರಲಿಲ್ಲ. ಮೂವರೂ ತಮ್ಮ ತಮ್ಮ ಪೆಟ್ಟಿಗೆಯನ್ನು ಒಯ್ದರು. ಆಟೋದಲ್ಲಿ ಇಡುವಾಗ ಮೂಲೆ ಸವೆಯಬಾರದೆಂದು ಗೋಣಿಚೀಲ ಹಾಸಿದರು. ಆಮೇಲೆ ಒಬ್ಬೊಬ್ಬರಾಗಿ ಅವನ ಮನೆಗೆ ಬಂದು ಅತ್ತರು. ತಮ್ಮಿಂದ ಹೀಗಾಯಿತೇ ಎಂದು ಕೇಳಿದರು. ಅವನು ಇಲ್ಲ ಎಂದು ತಲೆಯಾಡಿಸಿದ. ಗಾಯಕ ಬಂದಾಗ ಚಹಾ ಮಾಡಿದ. ತಬಲಾದವನು ಬಂದಾಗ ಮತ್ತೆ ಮಾಡಿದ. ಕೀಬೋರ್ಡಿನವನು ಅತ್ತೂ ಅತ್ತೂ ಅಲ್ಲೇ ಮಲಗಿದ, ಗಿಟಾರ್ ವಾದಕ ಅವನಿಗೆ ಹೊದಿಸಿ ತಾನು ಬರೀ ಚಾಪೆಯ ಮೇಲೆ ಬಿದ್ದುಕೊಂಡ.

ಅದಾದ ಮೇಲೆ ಗಿಟಾರ್ ವಾದಕ ಮೂರು ವರ್ಷ ಬದುಕಿದ್ದ. ಆ ಮೂರು ವರ್ಷದಲ್ಲಿ ಅವನು ಆಡಿದ ಮಾತನ್ನೆಲ್ಲ ಬರೆದರೆ ಒಂದು ಹಾಳೆ ತುಂಬುವುದಿಲ್ಲ. ಗೆಳೆಯರು ಹೊಸ ಆಂಪ್ಲಿಫೈಯರ್ ತಂದುಕೊಟ್ಟಿದ್ದರು. ಒಳ್ಳೆಯ ಕಂಪನಿಯದು. ಅದನ್ನು ಅವನು ಒಂದು ದಿನವೂ ಹಚ್ಚಲಿಲ್ಲ. ಅವನು ಸತ್ತಾಗ ಮೂವರೂ ಹೆಗಲು ಕೊಟ್ಟರು. ಒಳ್ಳೆಯವರು ಎಂದು ಹೇಳಿದೆನಲ್ಲ.

ಮಾಸ್ತರರು ಕತೆ ನಿಲ್ಲಿಸಿದರು. ಸಾಲ್ಡರಿಂಗ್ ಕಡ್ಡಿ ಅಷ್ಟು ಹೊತ್ತಿಗೆ ಆರಿ ತಣ್ಣಗಾಗಿತ್ತು. ಕರಿಬಸು ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡ. ಕೇಳಿದ:

"ಹಂಗಾದ್ರೆ ಆ ಮೂವರು ಕೆಟ್ಟೋರಾ, ಗುರುಗಳೇ?"

"ಕೆಟ್ಟೋರಾಗಿದ್ರೆ ಚಲೋ ಇತ್ತು," ಎಂದರು ಮಾಸ್ತರರು. "ಬಾಗಿಲಿಂದಲೇ ಕಳಿಸಿಬಿಡ್ತಿದ್ದ."

ಕರಿಬಸುವಿಗೆ ಈ ಉತ್ತರ ಹಿಡಿಸಲಿಲ್ಲ. ಅವನ ಮುಖ ಕೆಂಪಾಯಿತು. ಅಕ್ಕನನ್ನು ಅವನು ನಿಜವಾಗಿಯೂ ಪ್ರೀತಿಸುತ್ತಿದ್ದ. ತಾಯಿ ಹೋದ ಮೇಲೆ ಅವನನ್ನು ಸಾಕಿದವಳೇ ಅವಳು.

"ನಾವು ಅಂಥೋರಲ್ಲ, ಗುರುಗಳೇ," ಎಂದ. "ಅಕ್ಕನ ಹತ್ರ ನಾವೇನೂ ತಗಳ್ಳಾಕೆ ಬಂದಿಲ್ಲ. ನಮ್ಮ ನಮ್ಮ ಮನೆ ಬಿಟ್ಟು, ಕೆಲಸ ಬಿಟ್ಟು, ಅವಳಿಗೆ ಅಂತಲೇ ಬಂದೀವಿ. ಅವಳು ಒಂದು ಸಲಾನೂ ನಮಗೆ ಹೋಗ್ರಿ ಅಂದಿಲ್ಲ."

ಮಾಸ್ತರರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡು ಅವನ ಮುಖ ನೋಡಿದರು.

"ಇವತ್ತು ಮಧ್ಯಾಹ್ನ ನಿನಗೆ ಉಣ್ಣಾಕೆ ಬಡಿಸಿದೋರು ಯಾರು, ಕರಿಬಸು?"